ಹಕ್ಕಿ ಬಂದ ದಿನ, ಹಕ್ಕಿ ಹೋದ ದಿನ

ಯುಗಾದಿ ಆದ ಮೇಲೆ ಬಂದ ಪತ್ರಗಳನ್ನೆಲ್ಲ ಮುಂದೆ ಹರಡಿಕೊಂಡು ಕೂತಿದ್ದೇನೆ. ಮುಕ್ಕಾಲು ಪಾಲು ಪತ್ರಗಳಲ್ಲಿ ಇರುವುದು ಹಕ್ಕಿಗಳ ವಿಷಯವೇ. ಯಾರದೋ ಮನೆಯ ಮಾವಿನ ಮರದಲ್ಲಿ ಕೋಗಿಲೆ ಶುರು ಮಾಡಿದೆ, ಯಾರದೋ ಊರ ಕೆರೆ ಖಾಲಿಯಾಗಿದೆ, ಅಮೆರಿಕದಲ್ಲಿರುವ ಒಬ್ಬರಿಗೆ ಅಮ್ಮನನ್ನು ಹಕ್ಕಿ ನೋಡಲು ಕರೆದುಕೊಂಡು ಹೋಗುವ ಆಸೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಬರುವ ಹೋಗುವ ಹಕ್ಕಿಗಳ ಪತ್ರಗಳನ್ನೇ ತೆಗೆದುಕೊಂಡಿದ್ದೇನೆ.

ಪ್ರತಿ ವರ್ಷ ಯುಗಾದಿಗೆ ಸರಿಯಾಗಿ ನಮ್ಮ ಹಿತ್ತಲಿಗೆ ಕೋಗಿಲೆ ಬರುತ್ತದೆ. ಉಳಿದ ತಿಂಗಳು ಅದು ಎಲ್ಲಿರುತ್ತದೆ? ಹೊರದೇಶದಿಂದ ಬರುತ್ತದಾ?
– ಗೃಹಿಣಿ, ಮೈಸೂರು

ಇಲ್ಲ, ಅದು ಎಲ್ಲಿಂದಲೂ ಬರುವುದಿಲ್ಲ. ನಿಮ್ಮ ಹಿತ್ತಲಲ್ಲೋ ಪಕ್ಕದ ಬೀದಿಯ ಆಲದ ಮರದಲ್ಲೋ ವರ್ಷವಿಡೀ ಇರುತ್ತದೆ. ಚಳಿಗಾಲದಲ್ಲಿ ಹೆಚ್ಚು ಕೂಗುವುದಿಲ್ಲ, ಹಣ್ಣು ತಿಂದುಕೊಂಡು ಎಲೆಗಳ ನಡುವೆ ಸುಮ್ನೆ ಇರುತ್ತದೆ, ಅಷ್ಟೇ. ಕಾಗೆ ಗೂಡು ಕಟ್ಟುವ ಕಾಲ ಹತ್ತಿರ ಬಂತು ಅಂದರೆ ಗಂಡು ಕೋಗಿಲೆ ಗಂಟಲು ಬಿಚ್ಚುತ್ತದೆ, ಯಾಕೆಂದರೆ ಅದರ ಸಂಸಾರ ನಡೆಯುವುದೇ ಕಾಗೆ ಗೂಡಿನಲ್ಲಿ. ಕಪ್ಪು ಮೈ, ಕೆಂಪು ಕಣ್ಣು ಇದ್ದರೆ ಗಂಡು. ಹೆಣ್ಣು ಕಂದು ಬಣ್ಣ, ಮೈ ತುಂಬ ಬಿಳಿ ಚುಕ್ಕೆ. ಅದನ್ನು ಬೇರೆ ಯಾವುದೋ ಹಕ್ಕಿ ಅಂದುಕೊಂಡವರು ತುಂಬ ಜನ. ಮುಂದಿನ ಡಿಸೆಂಬರಿನಲ್ಲಿ ಹಣ್ಣು ಬಿಟ್ಟ ಅತ್ತಿ ಮರದ ಕೆಳಗೆ ಹತ್ತು ನಿಮಿಷ ನಿಂತು ನೋಡಿ, ನಿಮ್ಮ ಯುಗಾದಿಯ ಕೋಗಿಲೆ ಅಲ್ಲೇ ಸಿಗಬಹುದು.

ನಿಮ್ಮ ಪ್ರಶ್ನೆ ನನಗೆ ಇಷ್ಟವಾದದ್ದು ಇನ್ನೊಂದು ಕಾರಣಕ್ಕೆ. ವಸಂತ ಅಂದರೆ ಹಕ್ಕಿ ಬರುವ ಕಾಲ ಅಂತ ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿದೆ. ನಮ್ಮ ನಾಡಿನಲ್ಲಿ ಅದು ಹೆಚ್ಚಾಗಿ ಹಕ್ಕಿ ಹೋಗುವ ಕಾಲ. ಸೆಪ್ಟೆಂಬರಿನಿಂದ ನಮ್ಮ ಜೊತೆಗಿದ್ದ ಸಿಪಿಲೆ, ಉಲಿಯಕ್ಕಿ, ಬಾತು, ಗುಲಾಬಿ ಮೈನಾ ಎಲ್ಲ ಈಗ ಉತ್ತರಕ್ಕೆ ಹೊರಡುತ್ತವೆ. ಬರುವುದನ್ನು ನೋಡಬೇಕಾದರೆ ಅವು ಹೋಗಿ ಇಳಿಯುವ ಕಡೆ ನಿಲ್ಲಬೇಕು. ಮುಂದಿನ ಪತ್ರ ಅಂಥ ಕಡೆಯಿಂದಲೇ ಬಂದಿದೆ, ಆದರೆ ಅಲ್ಲಿಯ ಹಕ್ಕಿಗಳು ಬೇರೆ.

ಮೇ ತಿಂಗಳಿಗೆ ಅಮ್ಮ ಊರಿಂದ ಬರುತ್ತಿದ್ದಾರೆ. ಈರಿ ಸರೋವರದ ದಂಡೆಯಲ್ಲಿ ಆಗ ಸಣ್ಣ ಸಣ್ಣ ಬಣ್ಣದ ಹಕ್ಕಿಗಳು ಕೈಗೆಟಕುವಷ್ಟು ಹತ್ತಿರ ಸಿಗುತ್ತವೆ ಅಂತ ಸಹೋದ್ಯೋಗಿಗಳು ಹೇಳುತ್ತಾರೆ. ಅಮ್ಮನಿಗೆ ಮಂಡಿನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ಹೋಗಬಹುದಾ? ಯಾವ ದಿನ ಹೋಗಬೇಕು?
– ಓದುಗರು, ಕೊಲಂಬಸ್, ಒಹಾಯೊ

ಖಂಡಿತ ಕರೆದುಕೊಂಡು ಹೋಗಿ. ನೀವು ಹೇಳುತ್ತಿರುವ ಜಾಗ ಮೆಗೀ ಮಾರ್ಷ್. ಮಗಳ ಮನೆಗೆ ಹೋಗಿದ್ದಾಗ ನಾನೂ ಅಲ್ಲಿ ಎರಡು ಬೆಳಿಗ್ಗೆ ನಿಂತಿದ್ದೇನೆ. ನಿಮ್ಮ ಊರಿಂದ ಕಾರಿನಲ್ಲಿ ಎರಡೂವರೆ ಗಂಟೆಯ ಒಳಗಿನ ದಾರಿ. ಕಾಡಿನ ಒಳಗೆ ಹಲಗೆ ಹಾಸಿದ ಕಾಲುದಾರಿ ಮಾಡಿದ್ದಾರೆ, ಒಟ್ಟು ಒಂದೂವರೆ ಕಿಲೋಮೀಟರ್ ಇರಬಹುದು, ಎಲ್ಲೂ ಏರುತಗ್ಗಿಲ್ಲ, ಗಾಲಿಕುರ್ಚಿಯೂ ಹೋಗುತ್ತದೆ. ಅಮ್ಮ ಪೂರ್ತಿ ನಡೆಯಲೇಬೇಕು ಅಂತಿಲ್ಲ. ಮೊದಲ ನೂರು ಹೆಜ್ಜೆಯಲ್ಲಿ ಕೂತರೂ ಸಾಕು, ಹಕ್ಕಿಗಳೇ ಬರುತ್ತವೆ.

ಯಾವ ದಿನ ಅನ್ನುವುದು ಮುಖ್ಯ ಪ್ರಶ್ನೆ. ಅದಕ್ಕೆ ಕ್ಯಾಲೆಂಡರ್ ಅರ್ಧ ಉತ್ತರ ಕೊಡುತ್ತದೆ: ಮೇ ಮೊದಲ ವಾರದಿಂದ ಮೂರನೇ ವಾರದ ತನಕ. ಉಳಿದರ್ಧ ಗಾಳಿಯದು. ನಾನು ಮೊದಲ ಸಲ ಹೋದಾಗ ಉತ್ತರದ ಗಾಳಿ ಬೀಸುತ್ತಿತ್ತು, ಕೈ ಮರಗಟ್ಟುವ ಚಳಿ, ಮೂರು ಗಂಟೆ ನಿಂತು ಏಳೆಂಟು ಹಕ್ಕಿ ನೋಡಿ ವಾಪಸ್ ಬಂದೆವು. ಮೂರು ದಿನ ಬಿಟ್ಟು ಸಂಜೆ ಹವೆ ಬೆಚ್ಚಗಾಯಿತು, ರಾತ್ರಿಯಿಡೀ ದಕ್ಷಿಣದಿಂದ ಗಾಳಿ. ಮಗಳು ಬೆಳಿಗ್ಗೆ ನಾಲ್ಕಕ್ಕೇ ಎಬ್ಬಿಸಿದಳು. ಹೋಗಿ ನೋಡಿದರೆ ಅದೇ ಮರಗಳು, ಅದೇ ಹಲಗೆ, ಆದರೆ ಒಂದೊಂದು ಕೊಂಬೆಯಲ್ಲೂ ಏನೋ ಅಲುಗಾಡುತ್ತಿದೆ! ಹಳದಿ, ಕಿತ್ತಳೆ, ನೀಲಿ. ಬ್ಲ್ಯಾಕ್‌ಬರ್ನಿಯನ್ ವಾರ್ಬ್ಲರ್ ಅಂತ ಒಂದು ಹಕ್ಕಿ, ಅದರ ಗಂಡಿನ ಕುತ್ತಿಗೆ ಊದಿದ ಕೆಂಡದ ಹಾಗಿರುತ್ತದೆ. ನನ್ನಿಂದ ಮೂರು ಅಡಿ ದೂರದಲ್ಲಿ ಹುಳ ಹೆಕ್ಕುತ್ತಿತ್ತು, ನಾನಿದ್ದೇನೆ ಅನ್ನುವ ಗಮನವೇ ಅದಕ್ಕಿರಲಿಲ್ಲ. ಚಳಿಗಾಲ ಕಳೆದದ್ದು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ, ತೂಕ ಸುಮಾರು 10 ಗ್ರಾಂ. ಅಂದರೆ ಎರಡು ಚಮಚ ಸಕ್ಕರೆಯಷ್ಟು. ನನ್ನ ಕಣ್ಣಲ್ಲಿ ನೀರು ಬಂತು, ಹೇಳಿಕೊಳ್ಳಲು ಸಂಕೋಚವೇನಿಲ್ಲ.

ಅದು ಆಗುವುದು ಹೀಗೆ. ಈ ಸಣ್ಣ ಹಕ್ಕಿಗಳು ಪ್ರಯಾಣ ಮಾಡುವುದು ರಾತ್ರಿ. ಕತ್ತಲಲ್ಲಿ ಗಿಡುಗದ ಕಾಟ ಕಡಿಮೆ, ಗಾಳಿ ತಂಪು, ಹಗಲಿನಷ್ಟು ಕುಲುಕಾಟವೂ ಇಲ್ಲ. ದಾರಿಗೆ ನಕ್ಷತ್ರಗಳಿವೆ. ಹೊತ್ತು ಮುಳುಗಿ ಸ್ವಲ್ಪ ಹೊತ್ತಿಗೆ ಏಳುತ್ತವೆ, ಬೆನ್ನ ಹಿಂದಿನಿಂದ ದಕ್ಷಿಣದ ಗಾಳಿ ಸಿಕ್ಕಿದರೆ ಕಡಿಮೆ ಶಕ್ತಿಯಲ್ಲಿ ಜಾಸ್ತಿ ದೂರ ಹೋಗುತ್ತವೆ. ಎದುರುಗಾಳಿ ಅಥವಾ ಮಳೆ ಬಂದರೆ ಎಲ್ಲಿದ್ದವೋ ಅಲ್ಲೇ ತಡೆಯುತ್ತವೆ. ಬೆಳಗಾಗುವಾಗ ಮುಂದೆ ಈರಿ ಸರೋವರ, ಆಚೆ ದಡ ಕೆನಡಾ. ರಾತ್ರಿಯಿಡೀ ಹಾರಿ ಸುಸ್ತಾದ ಮೈಗೆ ಇನ್ನು ನೀರು ದಾಟುವುದು ಕಷ್ಟ, ಹಾಗಾಗಿ ದಂಡೆಯ ಆ ಸಣ್ಣ ಕಾಡಿನಲ್ಲಿ ಇಳಿದುಬಿಡುತ್ತವೆ. ಮೇ ಮೊದಲಲ್ಲಿ ಅಲ್ಲಿಯ ಮರಗಳಿಗೆ ಇನ್ನೂ ಪೂರ್ತಿ ಎಲೆ ಬಂದಿರುವುದಿಲ್ಲ. ನಮಗೆ ಅಷ್ಟು ಚೆನ್ನಾಗಿ ಕಾಣುವುದಕ್ಕೆ ಅದೂ ಒಂದು ಕಾರಣ.

ಹೊರಡುವ ಹಿಂದಿನ ರಾತ್ರಿ ಬರ್ಡ್‌ಕಾಸ್ಟ್ ಜಾಲತಾಣ ನೋಡಿ. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದವರು ಬೇರೆ ವಿಶ್ವವಿದ್ಯಾಲಯಗಳ ಜೊತೆ ಸೇರಿ ನಡೆಸುತ್ತಾರೆ. ಮಳೆ ನೋಡಲು ಇಟ್ಟ ರಾಡಾರಿನಲ್ಲಿ ರಾತ್ರಿ ಹಾರುವ ಹಕ್ಕಿಗಳೂ ಕಾಣುತ್ತವೆ, ಅದರಿಂದ ಇವತ್ತು ರಾತ್ರಿ ಹಕ್ಕಿ ಜಾಸ್ತಿಯೋ ಕಡಿಮೆಯೋ ಅಂತ ಮೊದಲೇ ಅಂದಾಜು ಹೇಳುತ್ತಾರೆ. ಜಾಸ್ತಿ ಅಂತ ಇದ್ದರೆ, ದಕ್ಷಿಣದ ಗಾಳಿಯೂ ಇದ್ದರೆ, ಆಫೀಸಿಗೆ ರಜೆ ಹಾಕಿ. ಅಂಥ ರಾತ್ರಿಗಳಲ್ಲಿ ನಿಮ್ಮ ಮನೆಯ ಹೊರಗಿನ ದೀಪ ಆರಿಸಿಡಿ, ದೊಡ್ಡ ಬೆಳಕಿಗೆ ಹಕ್ಕಿಗಳು ದಾರಿ ತಪ್ಪಿ ಗಾಜಿಗೆ ಬಡಿಯುತ್ತವೆ.

ಅಮ್ಮನಿಗೆ ಸ್ವೆಟರ್, ಕಿವಿಗೆ ಸ್ಕಾರ್ಫ್ ಮರೆಯಬೇಡಿ. ಊರಲ್ಲಿ ಹಿತವಾಗಿದ್ದರೂ ಸರೋವರದ ಕಡೆಯಿಂದ ಬರುವ ಗಾಳಿ ಕೊರೆಯುತ್ತದೆ. ಫ್ಲಾಸ್ಕಿನಲ್ಲಿ ಕಾಫಿ ಇರಲಿ. ಹಕ್ಕಿಯ ಹೆಸರು ಹುಡುಕುವ ಅವಸರ ಮೊದಲ ದಿನ ಬೇಡ.

ಮಾಗಡಿ ಕೆರೆಗೆ ಒಂದು ಭಾನುವಾರ ಹೋದಾಗ ಪಟ್ಟೆತಲೆ ಬಾತುಗಳು ತುಂಬ ಇದ್ದವು. ಮುಂದಿನ ಭಾನುವಾರ ಒಂದೂ ಇರಲಿಲ್ಲ. ಅವು ಹೋಗುವುದನ್ನು ನೋಡಬೇಕು ಅಂತ ನನಗೆ ಬಹಳ ಆಸೆ ಇತ್ತು. ತಪ್ಪಿಹೋಯಿತು. ಅವು ಈಗ ಎಲ್ಲಿರುತ್ತವೆ?
– ಎಂಟನೇ ತರಗತಿ ವಿದ್ಯಾರ್ಥಿ, ಗದಗ ಜಿಲ್ಲೆ

ತಮ್ಮಾ, ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಬೇಜಾರು ಮಾಡಿಕೊಳ್ಳಬೇಡ, ಇದು ಹಕ್ಕಿ ನೋಡುವ ಎಲ್ಲರಿಗೂ ಆಗುವ ಸಂಕಟ. ಹಕ್ಕಿ ಬಂದ ದಿನ ನಮಗೆ ಗೊತ್ತಾಗುತ್ತದೆ, ನಿನ್ನೆ ಇರಲಿಲ್ಲ ಇವತ್ತು ಇದೆ. ಹೋದ ದಿನ ಮಾತ್ರ ಆ ದಿನ ಗೊತ್ತಾಗುವುದಿಲ್ಲ. ಕೊನೆಯ ಸಲ ನೋಡುವಾಗ ಇದೇ ಕೊನೆ ಅಂತ ಯಾರಿಗೆ ತಿಳಿಯುತ್ತದೆ ಹೇಳು? ನಾಲ್ಕು ದಿನ ಕಾಣದೇ ಹೋದ ಮೇಲೆ ಹಿಂದಕ್ಕೆ ಲೆಕ್ಕ ಹಾಕಬೇಕು.

ಅದಕ್ಕೇ ಒಂದು ನೋಟ್‌ಬುಕ್ ಇಡು. ಕೆರೆ ದೂರವಾದರೆ ಬೇಡ, ದಿನಾ ಶಾಲೆಗೆ ಹೋಗುವ ದಾರಿಯ ಒಂದು ಜಾಗ ಆರಿಸಿಕೋ, ಒಂದು ಹಳ್ಳ, ಒಂದು ಬೇವಿನ ಮರ, ಏನಾದರೂ ಸರಿ. ದಿನಾ ಐದು ನಿಮಿಷ ನಿಂತು ಕಂಡದ್ದನ್ನು ಬರೆ. ನಿನ್ನೆ ಇದ್ದ ಹಕ್ಕಿ ಇವತ್ತು ಕಾಣದಿದ್ದರೆ 'ಇಲ್ಲ' ಅಂತ ಬರೆ. ಈ 'ಇಲ್ಲ'ವನ್ನು ಬಿಟ್ಟುಬಿಡುವವರೇ ಜಾಸ್ತಿ. ಅದಿಲ್ಲದೆ ಹೋದ ದಿನ ಯಾವತ್ತೂ ಸಿಗುವುದಿಲ್ಲ. ಬೆಂಗಳೂರಿನ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯವರು 2007ರಲ್ಲಿ ಮೈಗ್ರಂಟ್‌ವಾಚ್ ಅಂತ ಒಂದು ಕೆಲಸ ಶುರು ಮಾಡಿದ್ದರು. ವಲಸೆ ಹಕ್ಕಿ ಮೊದಲು ಕಂಡ ದಿನ, ಕೊನೆಗೆ ಕಂಡ ದಿನ ಇವನ್ನು ದೇಶದ ಸಾಮಾನ್ಯ ಜನರಿಂದಲೇ ಬರೆಸಿಕೊಂಡರು. ಈಗ ಅಂಥ ಟಿಪ್ಪಣಿಗಳನ್ನು ಹಕ್ಕಿ ನೋಡುವವರ ಜಾಲತಾಣವಾದ ಇಬರ್ಡ್‌ನಲ್ಲಿ ಸೇರಿಸಬಹುದು, ನಿಮ್ಮ ಮೇಷ್ಟ್ರಿಗೋ ಅಕ್ಕನಿಗೋ ಹೇಳಿದರೆ ಸಹಾಯ ಮಾಡುತ್ತಾರೆ.

ನಿನ್ನ ಬಾತುಗಳು ಈಗ ಹಿಮಾಲಯದ ಕಡೆ ಹೊರಟಿವೆ. ಕೆಲವು ಟಿಬೆಟ್ಟಿಗೆ, ಕೆಲವು ಮಂಗೋಲಿಯಾಕ್ಕೆ. ನಮ್ಮ ಲಡಾಖಿನ ಸರೋವರಗಳಲ್ಲೂ ಮರಿ ಮಾಡುತ್ತವೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಪಟ್ಟಿ ಹಾಕಿ ಬಿಟ್ಟ ಬಾತುಗಳು ಮೈಸೂರು ಕಡೆಯ ಕೆರೆಗಳಲ್ಲಿ ಕಂಡಿವೆ, ಹಾಗಾಗಿ ಇದು ಊಹೆಯ ಮಾತಲ್ಲ. ಎಲ್ಲಿದೆ ಅಂತ ತಿಳಿಸುವ ಸಣ್ಣ ಯಂತ್ರವನ್ನು ಬೆನ್ನಿಗೆ ಕಟ್ಟಿ ನೋಡಿದಾಗ 7,000 ಮೀಟರ್‌ಗಿಂತ ಮೇಲೂ ಹಾರಿದ್ದು ದಾಖಲಾಗಿದೆ. ಅಷ್ಟು ಎತ್ತರದಲ್ಲಿ ಉಸಿರಿಗೆ ಗಾಳಿ ಸಾಲುವುದಿಲ್ಲ, ಆದರೆ ಈ ಬಾತಿನ ರಕ್ತ ಇದ್ದಷ್ಟೇ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ನಿಮ್ಮೂರ ಹೊಲದ ಶೇಂಗಾ, ಕಡಲೆ ತಿಂದ ಶಕ್ತಿಯಲ್ಲೇ ಅವು ಹಿಮಾಲಯದ ದಾರಿ ಹಿಡಿಯುವುದು. ಬೆಳೆ ಹೋಯಿತು ಅಂತ ಬೈದರೂ ಹಕ್ಕಿಗೆ ಕೈ ಎತ್ತದ ರೈತರನ್ನು ನಾನು ನೋಡಿದ್ದೇನೆ, ಅವರಿಗೆ ದೊಡ್ಡ ನಮಸ್ಕಾರ. 2024ರಲ್ಲಿ ಮಾಗಡಿ ಕೆರೆ ರಾಮ್ಸಾರ್ ಪಟ್ಟಿಗೆ, ಅಂದರೆ ಲೋಕದ ಮುಖ್ಯ ಕೆರೆ, ಜೌಗು ನೆಲಗಳ ಪಟ್ಟಿಗೆ ಸೇರಿತು, ಗೊತ್ತಲ್ವಾ? ಬರುವ ನವೆಂಬರಿನಿಂದ ಕಾಯಲು ಶುರು ಮಾಡು. ಕುತ್ತಿಗೆ ಪಟ್ಟಿ ಇರುವ ಬಾತು ಕಂಡರೆ ಅದರ ಬಣ್ಣ, ಅದರ ಮೇಲಿನ ಅಕ್ಷರ ಬರೆದು ನನಗೆ ಕಳಿಸು.

ಹಕ್ಕಿ ಎಲ್ಲಿಗೆ ಹೋಗುತ್ತದೆ ಅಂತ ಮೊದಲು ಹೇಗೆ ಕಂಡುಹಿಡಿದರು? ಮಕ್ಕಳು ಕೇಳಿದರು, ನನಗೆ ಸರಿಯಾಗಿ ಹೇಳಲು ಬರಲಿಲ್ಲ.
– ಶಿಕ್ಷಕರು, ಶಿವಮೊಗ್ಗ

ಮಕ್ಕಳಿಗೆ ಈಟಿ ಕೊಕ್ಕರೆಯ ಕಥೆ ಹೇಳಿ, ಮರೆಯುವುದಿಲ್ಲ. 1822ರಲ್ಲಿ ಜರ್ಮನಿಯ ಕ್ಲುಟ್ಸ್ ಊರಿನ ಹತ್ತಿರ ಒಂದು ಬಿಳಿ ಕೊಕ್ಕರೆ ಸಿಕ್ಕಿತು. ಅದರ ಕುತ್ತಿಗೆಯಲ್ಲಿ ಉದ್ದನೆಯ ಈಟಿ ನಾಟಿತ್ತು, ಈಟಿಯ ಮರ ಆಫ್ರಿಕಾದ್ದು. ಈಟಿ ಚುಚ್ಚಿಕೊಂಡೇ ಅದು ವಸಂತಕ್ಕೆ ತನ್ನ ಊರಿಗೆ ವಾಪಸ್ ಬಂದಿತ್ತು. ಪಾಪ, ಅಷ್ಟು ದೂರ ಬಂದದ್ದನ್ನು ಅಲ್ಲಿ ಗುಂಡು ಹೊಡೆದು ಕೊಂದರು. ಈಗಲೂ ರೋಸ್ಟಾಕ್ ವಿಶ್ವವಿದ್ಯಾಲಯದಲ್ಲಿ ಅದನ್ನು ಹಾಗೇ ಇಟ್ಟಿದ್ದಾರೆ. ಆ ಕಾಲದ ತನಕ ಯುರೋಪಿನಲ್ಲಿ ಕವಲುತೋಕೆ ಹಕ್ಕಿಗಳು ಚಳಿಗಾಲದಲ್ಲಿ ಕೆರೆಯ ಕೆಸರಿನೊಳಗೆ ಮಲಗಿರುತ್ತವೆ ಅಂತ ಓದಿದವರೂ ನಂಬುತ್ತಿದ್ದರು.

ಆಮೇಲೆ ಉಂಗುರ ಬಂತು. 1911ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ಶೈರಿನಲ್ಲಿ ಒಬ್ಬ ವಕೀಲರು ತಮ್ಮ ಮನೆಯ ಹತ್ತಿರದ ಕವಲುತೋಕೆಯ ಕಾಲಿಗೆ ಉಂಗುರ ಹಾಕಿದರು. 1912ರ ಡಿಸೆಂಬರಿನಲ್ಲಿ ಅದೇ ಹಕ್ಕಿ ದಕ್ಷಿಣ ಆಫ್ರಿಕಾದ ನಟಾಲಿನಲ್ಲಿ ಸಿಕ್ಕಿತು. ಈಗ ಉಪಗ್ರಹದ ಕಾಲ. ಮಂಗೋಲಿಯಾದಲ್ಲಿ 2019ರಲ್ಲಿ ಯಂತ್ರ ಕಟ್ಟಿಸಿಕೊಂಡ ಓನೋನ್ ಅನ್ನುವ ಕೋಗಿಲೆ ಜಾತಿಯ ಹಕ್ಕಿ ಜಾಂಬಿಯಾದಲ್ಲಿ ಚಳಿಗಾಲ ಕಳೆದು, 2020ರಲ್ಲಿ ಅರಬ್ಬಿ ಸಮುದ್ರ ದಾಟಿ, ನಮ್ಮ ದೇಶದ ಮೇಲೆ ಹಾದು, ಮೇ ಕೊನೆಗೆ ಮತ್ತೆ ಮಂಗೋಲಿಯಾ ಸೇರಿತು. ನಾವೆಲ್ಲ ಲಾಕ್‌ಡೌನಿನಲ್ಲಿ ಮನೆಯೊಳಗೆ ಕೂತಿದ್ದ ದಿನಗಳು ಅವು. ನಾನು ದಿನಾ ಬೆಳಿಗ್ಗೆ ಎದ್ದು ಓನೋನ್ ಎಲ್ಲಿದೆ ಅಂತ ಮೊದಲು ನೋಡುತ್ತಿದ್ದೆ.

ಹಾಗಾದರೆ ಬೇಸಿಗೆ ಶುರುವಿನಲ್ಲಿ ಕರ್ನಾಟಕಕ್ಕೆ ಬರುವ ಹಕ್ಕಿ ಒಂದೂ ಇಲ್ಲವಾ? ಮಕ್ಕಳಿಗೆ ತೋರಿಸಬೇಕು.
– ಓದುಗರು, ಬೆಂಗಳೂರು

ಯಾಕಿಲ್ಲ! ಶ್ರೀರಂಗಪಟ್ಟಣದ ಹತ್ತಿರ ನಗುವನಹಳ್ಳಿಗೆ ಹೋಗಿ. ಬಿಸಿಲು ಏರುತ್ತಿರುವ ಹಾಗೆ ಕಾವೇರಿ ಬಯಲಿನ ಆ ಕಡೆಗೆ ನೀಲಿಬಾಲದ ಕಳ್ಳಿಪೀರಗಳು ಮರಿ ಮಾಡಲು ಬರುತ್ತವೆ. ನಮ್ಮ ತಂತಿಗಳ ಮೇಲೆ ಕೂರುವ ಸಣ್ಣ ಹಸಿರು ಕಳ್ಳಿಪೀರಕ್ಕಿಂತ ಇದು ದೊಡ್ಡದು. ಮೆದು ಮಣ್ಣಿನಲ್ಲಿ ಕೊಕ್ಕಿನಿಂದ ಅಗೆದು, ಕಾಲಿಂದ ಮಣ್ಣು ಹಿಂದಕ್ಕೆ ತಳ್ಳಿ, ತೋಳುದ್ದಕ್ಕಿಂತ ಉದ್ದದ ಬಿಲ ಮಾಡುತ್ತವೆ. ಗಂಡು ಏರೋಪ್ಲೇನ್ ಚಿಟ್ಟೆ ಹಿಡಿದು ತಂದು ಹೆಣ್ಣಿನ ಬಾಯಿಗೆ ಕೊಡುವುದನ್ನು ಮಕ್ಕಳು ನೋಡಬೇಕು. ಒಂದೇ ಕಂಡೀಷನ್: ಬಿಲ ಇರುವ ಜಾಗದ ಮೇಲೆ ಕಾಲಿಡಬೇಡಿ. ಬಿಲ ಕುಸಿದರೆ ಒಳಗಿನ ಮರಿಗಳಿಗೆ ದಾರಿಯಿಲ್ಲ. ಫೋಟೋ ಹುಚ್ಚಿನಲ್ಲಿ ಬಿಲದ ಬಾಯಿಗೇ ಹೋಗಿ ಕೂತವರನ್ನು ನೋಡಿ ನಾನು ಜಗಳ ಆಡಿದ್ದೂ ಇದೆ, ಮತ್ತೆ ಕಂಡರೆ ಮತ್ತೆ ಆಡುತ್ತೇನೆ.

ಅದೇ ಪ್ರಯಾಣದಲ್ಲಿ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರನ್ನೂ ಸೇರಿಸಿಕೊಳ್ಳಿ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಬರುವುದು ಚಳಿಗಾಲದಲ್ಲೇ, ಆದರೆ ಯುಗಾದಿ ಹೊತ್ತಿಗೆ ಊರ ನಡುವಿನ ಹುಣಸೆ ಮರಗಳಲ್ಲಿ ಮರಿಗಳ ಗಲಾಟೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಇವು ಅಂತ ಊರಿನವರು ಹೇಳುತ್ತಾರೆ. ಹಾಗೆ ನೋಡಿಕೊಂಡೂ ಇದ್ದಾರೆ.

ಏಪ್ರಿಲಿನಲ್ಲಿ ನಮ್ಮ ವರಾಂಡದ ಗಾಜಿಗೆ ಬಡಿದು ಹಸಿರು ಬೆನ್ನಿನ, ಹೊಟ್ಟೆಯ ಕೆಳಗೆ ಕೆಂಪು ಇರುವ ಮೋಟುಬಾಲದ ಹಕ್ಕಿ ಬಿತ್ತು. ನೀರು ಕುಡಿಸಲು ನೋಡಿದೆವು, ಸತ್ತುಹೋಯಿತು. ಏನು ಮಾಡಬೇಕಿತ್ತು?
– ಓದುಗರು, ತುಮಕೂರು

ಅದು ನವರಂಗ. ಚಳಿಗಾಲ ನಮ್ಮ ಕಡೆ ಕಳೆದು, ಏಪ್ರಿಲ್-ಮೇನಲ್ಲಿ ಮಧ್ಯಭಾರತ, ಹಿಮಾಲಯದ ತಪ್ಪಲ ಕಡೆ ಮರಿ ಮಾಡಲು ಹೋಗುತ್ತದೆ. ಇದೂ ರಾತ್ರಿ ಪ್ರಯಾಣಿಕ, ಅದಕ್ಕೇ ಊರೊಳಗೆ ಹೀಗೆ ಸಿಕ್ಕಿಬೀಳುತ್ತದೆ. ನೀವು ಒಳ್ಳೆಯ ಮನಸ್ಸಿನಿಂದ ಮಾಡಿದ್ದೀರಿ. ಗಾಜಿಗೆ ಬಡಿದ ಪೆಟ್ಟಿಗೇ ಬಹಳಷ್ಟು ಹಕ್ಕಿಗಳು ಸಾಯುತ್ತವೆ, ನಿಮ್ಮಿಂದ ಸತ್ತಿತು ಅಂದುಕೊಳ್ಳಬೇಡಿ. ಆದರೆ ಇನ್ನು ಮುಂದೆ ಬಾಯಿಗೆ ನೀರು ಹಾಕಬೇಡಿ, ಅದು ಉಸಿರಿನ ದಾರಿಗೆ ಹೋಗಬಹುದು. ಗಾಳಿಯಾಡುವ ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಹಳೆ ಬಟ್ಟೆ ಹಾಸಿ, ಅದರಲ್ಲಿ ಹಕ್ಕಿಯನ್ನಿಟ್ಟು ಮುಚ್ಚಿ, ಕತ್ತಲೆಯ, ಸದ್ದಿಲ್ಲದ ಮೂಲೆಯಲ್ಲಿ ಇಡಿ. ಮತ್ತೆ ಮತ್ತೆ ತೆರೆದು ನೋಡಬೇಡಿ, ಮಕ್ಕಳು ಎಷ್ಟೇ ಕೇಳಿದರೂ. ಒಂದೆರಡು ಗಂಟೆ ಬಿಟ್ಟು ಗಿಡಗಳಿರುವ ಕಡೆ ಡಬ್ಬ ತೆರೆದರೆ ಹುಷಾರಾದ ಹಕ್ಕಿ ತಾನೇ ಹೋಗುತ್ತದೆ. ರೆಕ್ಕೆ ಜೋತುಬಿದ್ದಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ. ಸಾಕಿಕೊಳ್ಳುವ ಹಾಗಿಲ್ಲ, ಕಾನೂನಿದೆ. ಆ ಗಾಜಿಗೆ ಹೊರಗಿನಿಂದ ಒತ್ತೊತ್ತಾಗಿ ಚುಕ್ಕೆ ಅಂಟಿಸಿ, ಅಥವಾ ಒಂದು ಬಲೆ ಕಟ್ಟಿ.

ಯಾವ ಬೈನಾಕ್ಯುಲರ್ ಕೊಳ್ಳಲಿ?
– ಓದುಗರು, ಹುಬ್ಬಳ್ಳಿ

8x42 ಅಂತ ಬರೆದಿರುವುದು. 8 ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಅಂತ, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಜಾಸ್ತಿ ದೊಡ್ಡದು ಮಾಡಿ ತೋರಿಸುವುದನ್ನು ಕೊಂಡರೆ ಕೈ ನಡುಗಿ ಏನೂ ಕಾಣುವುದಿಲ್ಲ.

ನನಗೆ 74. ಕಣ್ಣು ಮಂಜು, ಹಕ್ಕಿ ಕಾಣುವುದಿಲ್ಲ. ನಿಮ್ಮ ಅಂಕಣ ಮೊಮ್ಮಗಳು ಓದಿ ಹೇಳುತ್ತಾಳೆ. ನನ್ನಂಥವರು ಏನು ಮಾಡಬಹುದು?
– ನಿವೃತ್ತ ನೌಕರರು, ದಾವಣಗೆರೆ

ಸರ್, ನಿಮಗೆ ಕಿವಿ ಇದೆಯಲ್ಲ, ಈ ಕೆಲಸಕ್ಕೆ ಅರ್ಧಕ್ಕಿಂತ ಜಾಸ್ತಿ ಕಿವಿಯೇ ಬೇಕು. ಎಲೆ ಬಣ್ಣದ ಸಣ್ಣ ಉಲಿಯಕ್ಕಿಯನ್ನು ನಾನೂ ಕಣ್ಣಿಂದ ಗುರುತಿಸುವುದು ಕಡಿಮೆ. ಚಳಿಗಾಲವಿಡೀ ಬೇವು, ಹೊಂಗೆ ಮರಗಳ ನೆತ್ತಿಯಿಂದ 'ಚಿಸ್‌ವೀ, ಚಿಸ್‌ವೀ' ಅಂತ ಚೂಪಾದ ಸದ್ದು ಬರುತ್ತಿರುತ್ತದೆ, ಅದೇ ಅದು. ನವರಂಗ ಬೆಳಗಿನ ಜಾವಕ್ಕೂ ಮುಸ್ಸಂಜೆಗೂ ಎರಡೇ ಸ್ವರದ ಸಿಳ್ಳೆ ಹಾಕುತ್ತದೆ. ತಮಿಳರು ಅದಕ್ಕೆ ಆರು ಗಂಟೆ ಹಕ್ಕಿ ಅಂತಲೇ ಹೆಸರಿಟ್ಟಿದ್ದಾರೆ. ಮೊಮ್ಮಗಳಿಗೆ ಹೇಳಿ ಫೋನಿನಲ್ಲಿ ಇವೆರಡರ ದನಿ ಹಾಕಿಸಿಕೊಂಡು ಕೇಳಿ, ಆಮೇಲೆ ದಿನಾ ಬೆಳಿಗ್ಗೆ ಆರಕ್ಕೆ ಕಾಫಿ ಹಿಡಿದು ಜಗಲಿಯಲ್ಲಿ ಕೂರಿ. ಕೇಳಿಸಿದರೆ ಅವಳು ತಾರೀಖು ಬರೆಯಲಿ, ಕೇಳಿಸದಿದ್ದರೆ 'ಇಲ್ಲ' ಅಂತ ಬರೆಯಲಿ. ಏಪ್ರಿಲ್ ಕೊನೆಯ ಹೊತ್ತಿಗೆ ಆ 'ಚಿಸ್‌ವೀ' ನಿಲ್ಲಬಹುದು. ನಿಂತು ನಾಲ್ಕು ದಿನ ಆದ ಮೇಲೆ, ಕೊನೆಯ ಸಲ ಕೇಳಿದ ತಾರೀಖನ್ನು ಇಬ್ಬರೂ ಸೇರಿ ನನಗೆ ಬರೆದು ತಿಳಿಸಿ.